ಓಸ್ಲೋ–ಬರ್ಗನ್ ರೈಲು: ನೋಟ ಕಮ್ಮಿ ಮಾಡಿ ದಾರಿ ಉಳಿಸಿಕೊಂಡ ಕಥೆ

ಇವತ್ತಿನ ಎಪಿಸೋಡ್ ನಾರ್ವೆಯ ಒಂದು ರೈಲಿನ ಬಗ್ಗೆ. ರಾಜಧಾನಿ ಓಸ್ಲೋದಿಂದ ಪಶ್ಚಿಮ ಕರಾವಳಿಯ ಬರ್ಗನ್‌ಗೆ ಸುಮಾರು ಏಳು ಗಂಟೆಯ ಪಯಣ. ಮೊದಲು ಕಾಡು, ಸರೋವರ. ಆಮೇಲೆ ಮರವೇ ಬೆಳೆಯದ ಬಂಡೆ, ಹಿಮದ ಬಯಲು. ಕೊನೆಗೆ ಇಳಿದು ಇಳಿದು ಸಮುದ್ರದ ಪಕ್ಕ. ಇದರ ರೀಲ್ಸ್ ನೀವೂ ನೋಡಿರ್ತೀರಿ.

ಬಿ.ಕಾಂ. ಓದಿದ ನನಗೆ ಬರೋ ಪ್ರಶ್ನೆ ಬೇರೆ. ಜನರೇ ಇಲ್ಲದ ಬೆಟ್ಟದ ನೆತ್ತಿ ಮೇಲೆ ಹಳಿ ಹಾಕೋಕೆ ಯಾಕೆ ದುಡ್ಡು ಸುರಿದ್ರು?

ಉತ್ತರ ಬೆಟ್ಟದಲ್ಲಿಲ್ಲ, ಅದರ ಎರಡು ತುದಿಯಲ್ಲಿದೆ. ಬರ್ಗನ್ ದೊಡ್ಡ ಬಂದರು. ಆದರೆ ರಾಜಧಾನಿಗೆ ಹೋಗ್ಬೇಕಂದ್ರೆ ಕರಾವಳಿ ಸುತ್ತಿ ಹಡಗಿನಲ್ಲಿ ಹೋಗ್ಬೇಕು, ಇಲ್ಲಾ ಬೆಟ್ಟ ಹತ್ತಿ ಇಳೀಬೇಕು. 1883ರಲ್ಲಿ ಬರ್ಗನ್‌ನಿಂದ ವೊಸ್‌ವರೆಗೆ ಮಾತ್ರ ರೈಲು ಬಂತು. ಅಲ್ಲಿಂದ ಮುಂದೆ ಬೆಟ್ಟ ಹತ್ತಿಸೋಕೆ ಸಂಸತ್ತು ಒಪ್ಪಿದ್ದು 1894ರಲ್ಲಿ. ಪೂರ್ತಿ ದಾರಿಯನ್ನು ರಾಜ ಏಳನೇ ಹಾಕೋನ್ ಉದ್ಘಾಟಿಸಿದ್ದು 1909ರ ನವೆಂಬರ್ 27ಕ್ಕೆ.

ಕಷ್ಟ ಎಲ್ಲಾ ಮಧ್ಯದಲ್ಲಿತ್ತು. ಗ್ರಾವ್‌ಹಾಲ್ಸ್ ಅನ್ನೋ ಒಂದೇ ಸುರಂಗ 5.3 ಕಿ.ಮೀ., ಅದೂ ಗಟ್ಟಿ ಬಂಡೆಯಲ್ಲಿ. ಸಾಮಾನು ಸಾಗಿಸೋಕೆ ಮೊದಲು ಒಂದು ರಸ್ತೆ ಮಾಡ್ಬೇಕಾಯ್ತು. ಆ ರಸ್ತೆಗೆ ಕೂಲಿಕಾರರ ಹೆಸರೇ ಉಳಿದಿದೆ: ರಲ್ಲಾರ್‌ವೇಗನ್. ಈಗ ಬೇಸಿಗೆಯಲ್ಲಿ ಅಲ್ಲಿ ಸೈಕಲ್ ಸವಾರರು ಓಡಾಡ್ತಾರೆ.

ಹಳಿ ಹಾಕಿದ ಮೇಲೂ ಹಿಮದ ಕಾಟ ನಿಲ್ಲಲಿಲ್ಲ. ಹಿಮ ತಳ್ಳೋ ಎಂಜಿನ್, ಹಳಿ ಮೇಲೆ ಮರದ ಮಾಡು, ಎಲ್ಲಾ ಬೇಕಾಯ್ತು. ಫಿನ್ಸೆ ನಿಲ್ದಾಣ ಇರೋದು 1,222 ಮೀಟರ್ ಎತ್ತರದಲ್ಲಿ, ನಾರ್ವೆಯ ರೈಲು ಜಾಲದಲ್ಲೇ ಅತಿ ಎತ್ತರದ್ದು. ಅಲ್ಲಿಗೆ ಕಾರು ಹೋಗಲ್ಲ. ಫಿನ್ಸೆ ಪಕ್ಕದ ಇನ್ನೂ ಎತ್ತರದ ಹಳಿಯನ್ನು 1990ರ ದಶಕದಲ್ಲಿ ಬಿಟ್ಟು, ಹತ್ತು ಕಿ.ಮೀ.ಗೂ ಉದ್ದದ ಹೊಸ ಸುರಂಗಕ್ಕೆ ರೈಲು ತಿರುಗಿಸಿದ್ರು. ಚೆಂದದ ನೋಟ ಹೋಯ್ತು, ಚಳಿಗಾಲದಲ್ಲೂ ರೈಲು ಓಡೋ ಭರವಸೆ ಸಿಕ್ತು. ಫೋಟೋ ತೆಗೆಯೋರಿಗೆ ನಷ್ಟ, ಊರು ಸೇರಬೇಕಾದವರಿಗೆ ಲಾಭ. ನನ್ನ ಪ್ರಕಾರ ಸರಿಯಾದ ಲೆಕ್ಕ. ಇದು ಜನ ಓಡಾಡೋ ದಾರಿ, ನೋಟ ಅದರ ಜೊತೆ ಬಂದ ಬೋನಸ್.

ಆ ಬೋನಸ್ಸೂ ಸಣ್ಣದಲ್ಲ. 2009ರಲ್ಲಿ ದಾರಿಗೆ ನೂರು ವರ್ಷ ತುಂಬಿದಾಗ ನಾರ್ವೆಯ ಸರ್ಕಾರಿ ವಾಹಿನಿ ಎನ್ಆರ್‌ಕೆ ಇಡೀ ಪ್ರಯಾಣವನ್ನು ಕತ್ತರಿಸದೆ, ಏಳು ಗಂಟೆಗೂ ಹೆಚ್ಚು ಹೊತ್ತು ಪ್ರಸಾರ ಮಾಡಿತು. ಸುರಂಗದ ಕತ್ತಲಲ್ಲಿ ಹಳೇ ದೃಶ್ಯ, ಸಂದರ್ಶನ ಹಾಕಿದ್ರು. ಅರ್ಧ ಕೋಟಿಯೂ ಇಲ್ಲದ ದೇಶದಲ್ಲಿ ಸುಮಾರು 12 ಲಕ್ಷ ಜನ ಸ್ವಲ್ಪವಾದ್ರೂ ನೋಡಿದ್ರು. ‘ಸ್ಲೋ ಟಿವಿ’ ಅನ್ನೋ ಮಾತು ಹಬ್ಬಿದ್ದು ಇಲ್ಲಿಂದಲೇ.

ಹೋಗೋ ಪ್ಲಾನ್ ಇದ್ರೆ ಎರಡು ಮಾತು. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತೆ, ಬೆಳಗಿನ ರೈಲು ಹಿಡೀರಿ. ಮಿರ್‌ಡಾಲ್‌ನಲ್ಲಿ ಇಳಿದ್ರೆ ಫ್ಲೋಮ್‌ಗೆ ಇನ್ನೊಂದು ರೈಲಿದೆ: 20 ಕಿ.ಮೀ.ಯಲ್ಲಿ 860 ಮೀಟರ್‌ಗೂ ಹೆಚ್ಚು ಇಳಿಯುತ್ತೆ. ಟಿಕೆಟ್ ಖರ್ಚು ಬೇಡ ಅಂದ್ರೆ ಎನ್ಆರ್‌ಕೆ ವಿಡಿಯೋ ಹುಡುಕಿ. ಒಂದು ಅರ್ಧ ಗಂಟೆ ಫಾರ್ವರ್ಡ್ ಮಾಡದೆ ನೋಡಿ, ಹೇಗನ್ನಿಸ್ತು ನನಗೆ ಹೇಳಿ.

ಮುಂದಿನ ವಾರ ಸಿಗೋಣ.