ಅಂಕಿ ಸರಿಯಿದ್ದರೆ ಸಾಲದೇ?

ಪ್ರಶ್ನೆ: ಹವಾಮಾನದ ಅಂಕಿಗಳು ಸರಿಯಿದ್ದ ಮೇಲೆ ಕಡತದ ನಮೂನೆಯನ್ನೂ ತಪಾಸಣೆ ಮಾಡುವುದೇಕೆ?

ಉತ್ತರ: ವಿಜಯವಾಡದ ಗನ್ನವರಂ ವಿಮಾನ ನಿಲ್ದಾಣದ ಹವಾಮಾನ ವರದಿ, ಅಂದರೆ ಮೆಟಾರ್, ಹೇಗಿರುತ್ತದೆ ನೋಡಿ. ಮೊದಲು ನಿಲ್ದಾಣದ ಸಂಕೇತ ‘ವಿಒಬಿಝಡ್’, ಆಮೇಲೆ ‘090630ಝಡ್’ ಎಂಬಂಥ ಗುಂಪು. 9ನೇ ತಾರೀಖು, 6 ಗಂಟೆ 30 ನಿಮಿಷ. ಆದರೆ ಕೊನೆಯ ‘ಝಡ್’ ಹೇಳುವಂತೆ ಅದು ಜಾಗತಿಕ ಸಮಯ, ನಮ್ಮಲ್ಲಿ ಆಗ ಮಧ್ಯಾಹ್ನ 12. ಆ ‘ಝಡ್’ ಬಿಟ್ಟುಹೋದರೆ, ಅಂಕಿ ಒಂದೂ ತಪ್ಪದಿದ್ದರೂ, ನೆತ್ತಿಯ ಬಿಸಿಲು ಮುಂಜಾನೆಯ ಲೆಕ್ಕಕ್ಕೆ ಸೇರಬಹುದು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಾಶವಾದದ್ದೂ ಇಂಥದ್ದೇ ಕಾರಣಕ್ಕೆ: ಮೆಟ್ರಿಕ್ ಮಾನದಲ್ಲಿರಬೇಕಿದ್ದ ಕಡತದಲ್ಲಿ ಪೌಂಡ್ ಲೆಕ್ಕದ ಅಂಕಿಗಳಿದ್ದವು.

ನಮೂನೆ ಸರಿಯಿದ್ದೂ ಸುಳ್ಳು ಅಂಕಿ ನುಸುಳಬಹುದಲ್ಲ ಎಂದರೆ, ನಿಜ. ‘25/32’ ಎಂದು ಬರೆದರೆ ನಮೂನೆಯ ತಪಾಸಣೆಯಲ್ಲಿ ಪಾಸಾಗುತ್ತದೆ. ಉಷ್ಣಾಂಶ 25, ಇಬ್ಬನಿ ಬಿಂದು 32 ಎಂಬುದು ಮಾತ್ರ ನಂಬುವಂಥದ್ದಲ್ಲ, ಇಬ್ಬನಿ ಬಿಂದು ಉಷ್ಣಾಂಶವನ್ನು ಮೀರುವುದಿಲ್ಲ. ಅದನ್ನು ಹಿಡಿಯಲು ಬೇರೆಯದೇ ಪರೀಕ್ಷೆ ಬೇಕು. ಆದರೆ ಓರೆಗೆರೆಯ ಯಾವ ಬದಿಯಲ್ಲಿ ಯಾವುದಿದೆ ಎಂಬ ನಿಯಮವೇ ಇಲ್ಲದಿದ್ದರೆ ಆ ಪರೀಕ್ಷೆಯನ್ನು ಶುರು ಮಾಡಲೂ ಆಗದು. ಹಾಗಾಗಿ ನಮೂನೆಯ ತಪಾಸಣೆ ಮೊದಲ ಹೆಜ್ಜೆ, ಅದನ್ನು ಬಿಡುವಂತಿಲ್ಲ. ನೀವೂ ಹವಾಮಾನದ ಕಡತ ಇಳಿಸಿಕೊಂಡರೆ, ಸರಾಸರಿ ತೆಗೆಯುವ ಮೊದಲು ಏಕಮಾನ ಯಾವುದು, ಸಮಯ ಜಾಗತಿಕವೋ ಸ್ಥಳೀಯವೋ ಎಂದು ನೋಡಿಕೊಳ್ಳಿ.