ಒಂದು ಕಾದಂಬರಿಯ ಗುಣದೋಷ ವಿಚಾರ

ಮಗುವಿನ ತೊದಲುನುಡಿಯನ್ನು ಕೇಳಿ ತಾಯಿ ಸಂತೋಷಪಡುತ್ತಾಳೆ. ಅದರಲ್ಲಿ ತಪ್ಪುಗಳನ್ನು ಹುಡುಕುತ್ತ ಕುಳಿತುಕೊಳ್ಳುವುದಿಲ್ಲ. ಆದರೆ ಅದೇ ಮಗು ಬೆಳೆದು ಸಭೆಯಲ್ಲಿ ಮಾತನಾಡಲು ಎದ್ದುನಿಂತಾಗ ಕೇಳುವವರ ಅಳತೆಗೋಲು ಬೇರೆಯಾಗುತ್ತದೆ. ಹಾಗಾದರೆ ಎಳೆಯ ವಯಸ್ಸಿನವನೊಬ್ಬನು ಪುಸ್ತಕ ಬರೆದು ಪ್ರಕಟಿಸಿದರೆ ಅದನ್ನು ತಾಯಿಯ ಮಮತೆಯಿಂದ ನೋಡಬೇಕೆ, ಅಥವಾ ಸಭೆಯ ಕಟ್ಟುನಿಟ್ಟಿನಿಂದ ತೂಗಬೇಕೆ? ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಓದುಗರ ನಡುವೆ ಈ ಪ್ರಶ್ನೆಯು ಒಂದು ಕಾದಂಬರಿಯ ನಿಮಿತ್ತವಾಗಿ ದೊಡ್ಡ ವಾದವಾಗಿ ಬೆಳೆಯಿತು. ಆ ಕಾದಂಬರಿಯ ಹೆಸರು ‘ಎರಗಾನ್’. ಅದನ್ನು ಬರೆದವನು ಕ್ರಿಸ್ಟೋಫರ್ ಪಾವೊಲಿನಿ.

ಪಾವೊಲಿನಿ ಹುಟ್ಟಿದ್ದು 1983ರಲ್ಲಿ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಹಿಮವಂತ ಪರ್ವತಗಳಿಂದ ಸುತ್ತುವರಿದ ಪ್ಯಾರಡೈಸ್ ಕಣಿವೆಯಲ್ಲಿ ಅವನು ಬೆಳೆದನು. ಅವನು ಶಾಲೆಗೆ ಹೋಗಲಿಲ್ಲ. ತಾಯ್ತಂದೆಗಳೇ ಮನೆಯಲ್ಲಿ ಪಾಠ ಹೇಳಿದರು. ಅಂಚೆಯ ಮೂಲಕ ನಡೆಯುವ ಶಿಕ್ಷಣದ ನೆರವಿನಿಂದ ಹದಿನೈದನೆಯ ವಯಸ್ಸಿಗೇ ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದನು. ಆ ವಯಸ್ಸಿನಲ್ಲಿಯೇ ಅವನು ಕಾದಂಬರಿಯನ್ನು ಬರೆಯತೊಡಗಿದನು. ಕಾದಂಬರಿಯ ಮೊದಲ ರೂಪಕ್ಕೆ ಒಂದು ವರ್ಷ, ಅದನ್ನು ತಿದ್ದಿ ಮತ್ತೆ ಬರೆಯಲು ಇನ್ನೊಂದು ವರ್ಷ ಹಿಡಿಯಿತು. ಕಥೆ ನಡೆಯುವ ನಾಡಿನ ನಕ್ಷೆಯನ್ನೂ ಅವನೇ ಬರೆದನು. ಹಸ್ತಪ್ರತಿಯನ್ನು ಓದಿ ಮೆಚ್ಚಿದ ತಾಯ್ತಂದೆಗಳು ಅದನ್ನು ತಾವೇ ಅಚ್ಚು ಮಾಡಿಸಲು ನಿರ್ಧರಿಸಿದರು. ಬಾಲಕನು ಹಳೆಯ ಕಾಲದ ವೇಷವನ್ನು ತೊಟ್ಟು ಶಾಲೆ, ಗ್ರಂಥಾಲಯ, ಪುಸ್ತಕದ ಅಂಗಡಿಗಳಲ್ಲಿ ನೂರಮೂವತ್ತಕ್ಕೂ ಹೆಚ್ಚು ಭಾಷಣಗಳನ್ನು ಮಾಡಿ ಪುಸ್ತಕವನ್ನು ಮಾರಿದನು. 2002ರಲ್ಲಿ ಕಾರ್ಲ್ ಹಯಾಸೆನ್ ಎಂಬ ಪ್ರಸಿದ್ಧ ಕಾದಂಬರಿಕಾರನ ಮಲಮಗನು ಈ ಪುಸ್ತಕವನ್ನು ಓದಿ ಬಹುವಾಗಿ ಮೆಚ್ಚಿಕೊಂಡನು. ಹಯಾಸೆನ್ ಆ ಸಂಗತಿಯನ್ನು ನಾಫ್ ಎಂಬ ಪ್ರಕಾಶನ ಸಂಸ್ಥೆಯ ಗಮನಕ್ಕೆ ತಂದನು. 2003ರಲ್ಲಿ ಆ ಸಂಸ್ಥೆಯು ಕಾದಂಬರಿಯನ್ನು ಪರಿಷ್ಕರಿಸಿ ಹೊರತಂದಿತು. ಆಗ ಲೇಖಕನಿಗೆ ಹತ್ತೊಂಬತ್ತು ವರ್ಷ. ಪುಸ್ತಕವು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು.

ಕಥೆಯ ಹಂದರ ಸರಳವಾದುದು. ಎರಗಾನ್ ಎಂಬ ಹದಿನೈದು ವರ್ಷದ ಹುಡುಗನು ಹಳ್ಳಿಯಲ್ಲಿ ಮಾವನ ಹೊಲದಲ್ಲಿ ದುಡಿಯುತ್ತಿರುತ್ತಾನೆ. ಬೇಟೆಗೆ ಹೋದಾಗ ಅವನಿಗೆ ಒಂದು ನೀಲಿ ಕಲ್ಲು ದೊರೆಯುತ್ತದೆ. ಅದು ಕಲ್ಲಲ್ಲ, ಡ್ರಾಗನ್ ಎಂಬ ರೆಕ್ಕೆಯುಳ್ಳ ಮಹಾಸರ್ಪದ ಮೊಟ್ಟೆ. ಮೊಟ್ಟೆಯೊಡೆದು ಸಫೀರಾ ಎಂಬ ಹೆಣ್ಣು ಡ್ರಾಗನ್ ಹೊರಬರುತ್ತದೆ. ದುಷ್ಟ ರಾಜನ ದೂತರು ಹುಡುಗನ ಮಾವನನ್ನು ಕೊಲ್ಲುತ್ತಾರೆ. ಬ್ರಾಮ್ ಎಂಬ ಮುದುಕನು ಗುರುವಾಗಿ ದೊರೆತು ಅವನಿಗೆ ಕತ್ತಿಯನ್ನು ಕೊಟ್ಟು, ಯುದ್ಧವಿದ್ಯೆಯನ್ನೂ ಮಂತ್ರವಿದ್ಯೆಯನ್ನೂ ಕಲಿಸಿ, ದಾರಿಯಲ್ಲಿಯೇ ಮಡಿಯುತ್ತಾನೆ. ಎರಗಾನ್ ಸೆರೆಯಲ್ಲಿದ್ದ ಸುಂದರಿಯೊಬ್ಬಳನ್ನು ಬಿಡಿಸಿ, ರಾಜನ ವಿರುದ್ಧ ದಂಗೆಯೆದ್ದವರ ಜೊತೆ ಸೇರಿ ಯುದ್ಧದಲ್ಲಿ ಗೆಲ್ಲುತ್ತಾನೆ.

ವಿಮರ್ಶಕರ ಮೊದಲ ಆಕ್ಷೇಪವು ಹುಟ್ಟಿದ್ದು ಈ ಹಂದರದಿಂದಲೇ. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಲನಚಿತ್ರದಲ್ಲಿಯೂ ಹೊಲದಲ್ಲಿ ದುಡಿಯುವ ಹುಡುಗ, ಕೊಲೆಯಾಗುವ ಮಾವ, ಕತ್ತಿಯನ್ನು ಕೊಟ್ಟು ವಿದ್ಯೆ ಕಲಿಸಿ ಮಡಿಯುವ ಮುದುಕ, ಸೆರೆಯಿಂದ ಬಿಡುಗಡೆಯಾಗುವ ರಾಜಕುಮಾರಿ, ದಂಗೆಕೋರರ ಗೆಲುವು ಇವೆಲ್ಲ ಬರುತ್ತವೆ. ಸವಾರನಿಗೂ ಡ್ರಾಗನ್‌ಗೂ ನಡುವೆ ಮನಸ್ಸಿನಿಂದ ಮನಸ್ಸಿಗೆ ಮಾತು ನಡೆಯುವುದನ್ನು ಆನ್ ಮೆಕ್ಯಾಫ್ರಿಯೂ, ವಸ್ತುಗಳ ನಿಜನಾಮವನ್ನು ಅರಿತವನು ಅವುಗಳನ್ನು ಆಳಬಲ್ಲನೆಂಬ ಕಲ್ಪನೆಯನ್ನು ಅರ್ಸುಲಾ ಲೆಗ್ವಿನ್‌ಳೂ 1968ರಲ್ಲಿಯೇ ತಮ್ಮ ಕಾದಂಬರಿಗಳಲ್ಲಿ ಬಳಸಿದ್ದರು. ಎರಡನೆಯ ಆಕ್ಷೇಪವು ಶೈಲಿಗೆ ಸಂಬಂಧಿಸಿದುದು. ವಿಶೇಷಣಗಳ ಭಾರದಿಂದ ವಾಕ್ಯಗಳು ಬಳಲುತ್ತವೆ, ಹಳೆಯ ಕಾಲದ ಗಾಂಭೀರ್ಯವನ್ನು ತರಲು ಹೋಗಿ ಮಾತು ಕೃತಕವಾಗುತ್ತದೆ ಎಂದು ಅವರು ತೋರಿಸಿದರು. ಮೂರನೆಯದು ಸಂಭವನೀಯತೆಯ ಪ್ರಶ್ನೆ. ಅಕ್ಷರವನ್ನೇ ಅರಿಯದ ಹುಡುಗನು ಕೆಲವೇ ದಿನಗಳಲ್ಲಿ ಓದುವುದನ್ನೂ, ಕೆಲವೇ ತಿಂಗಳುಗಳಲ್ಲಿ ನುರಿತ ಯೋಧರಿಗೆ ಸಮನಾಗಿ ಕತ್ತಿ ಬೀಸುವುದನ್ನೂ ಕಲಿತನೆಂದರೆ ನಂಬುವುದು ಹೇಗೆ?

ಅಭಿಮಾನಿಗಳು ಸುಮ್ಮನಿರಲಿಲ್ಲ. ಹದಿನೈದು ವರ್ಷದ ಹುಡುಗನು ಇಷ್ಟು ದೊಡ್ಡ ಕಾದಂಬರಿಯನ್ನು ಬರೆದು ಮುಗಿಸಿದ್ದೇ ಒಂದು ಸಾಧನೆಯಲ್ಲವೆ ಎಂಬುದು ಅವರ ಮೊದಲ ಉತ್ತರ. ಸಾಲ ಮಾಡದ ಕಥೆಗಾರನು ಯಾರಿದ್ದಾನೆ ಎಂಬುದು ಎರಡನೆಯದು. ‘ಸ್ಟಾರ್ ವಾರ್ಸ್’ ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಸ್ ಕೂಡ ಪುರಾಣಕಥೆಗಳ ಸಮಾನ ಮಾದರಿಯನ್ನು ವಿವರಿಸಿದ ಜೋಸೆಫ್ ಕ್ಯಾಂಬೆಲ್‌ನ ಗ್ರಂಥಕ್ಕೆ ತಾನು ಋಣಿಯೆಂದು ಒಪ್ಪಿಕೊಂಡಿದ್ದಾನೆ. ಟೋಲ್ಕಿನ್ ತನ್ನ ಕುಬ್ಜ ಪಾತ್ರಗಳ ಹೆಸರುಗಳನ್ನು ಪ್ರಾಚೀನ ನಾರ್ಸ್ ಕಾವ್ಯದಿಂದ ಎತ್ತಿಕೊಂಡನು. ಹಾಗಿರುವಾಗ ಬಾಲಕನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೆ ಎಂದು ಅವರು ಕೇಳಿದರು. ಇದಕ್ಕೆ ವಿಮರ್ಶಕರ ಪ್ರತ್ಯುತ್ತರವೂ ಸಿದ್ಧವಾಗಿತ್ತು: ಪುಸ್ತಕದ ಬೆಲೆಯಲ್ಲಿ ವಯಸ್ಸಿನ ರಿಯಾಯಿತಿ ಇಲ್ಲ, ಲೇಖಕನ ವಯಸ್ಸೇ ಪುಸ್ತಕದ ಪ್ರಚಾರಕ್ಕೆ ಒದಗಿರುವಾಗ ದೋಷಗಳನ್ನು ಮಾತ್ರ ವಯಸ್ಸಿನ ಮರೆಯಲ್ಲಿ ಅಡಗಿಸುವುದು ಸರಿಯಲ್ಲ.

ಈ ವಾದದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ಗಮನಿಸಬೇಕು. ಲೇಖಕನು ಎಷ್ಟು ಸಾಧಿಸಿದ್ದಾನೆ ಎಂಬುದು ಒಂದು. ಕೃತಿಯು ಎಷ್ಟು ಚೆನ್ನಾಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳುವಾಗ ವಯಸ್ಸನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಎರಡನೆಯದಕ್ಕೆ ಉತ್ತರ ಹೇಳುವಾಗ ಪುಟದ ಮೇಲಿನ ಅಕ್ಷರಗಳನ್ನಲ್ಲದೆ ಬೇರೇನನ್ನೂ ನೋಡುವಂತಿಲ್ಲ. ಅಭಿಮಾನಿಗಳು ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಹೇಳಿದರು. ಕಟುವಿಮರ್ಶಕರಲ್ಲಿ ಕೆಲವರು ಎರಡನೆಯದರ ಉತ್ತರದಿಂದ ಮೊದಲನೆಯದನ್ನು ಅಳೆದು, ಲೇಖಕನನ್ನೇ ಹಾಸ್ಯ ಮಾಡಿದರು. ಎರಡೂ ತಪ್ಪು.

ಅನುಕರಣೆಯ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಒಂದು ಸೊಗಸಾದ ಪರಿಹಾರವಿದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಕೃತಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯ ಪ್ರತಿಬಿಂಬದಂತಹುದು ಒಂದು. ನೋಡಿ ಬರೆದ ಚಿತ್ರದಂತಹುದು ಇನ್ನೊಂದು. ಇಬ್ಬರು ಮನುಷ್ಯರಲ್ಲಿ ಕಾಣುವ ಹೋಲಿಕೆಯಂತಹುದು ಮೂರನೆಯದು. ಮೊದಲಿನೆರಡನ್ನು ಕವಿಯು ತೊರೆಯಬೇಕು, ಮೂರನೆಯದನ್ನು ತೊರೆಯಬೇಕಾಗಿಲ್ಲ. ಏಕೆಂದರೆ ಇಬ್ಬರ ಮುಖಗಳು ಎಷ್ಟೇ ಹೋಲಿದರೂ ಒಬ್ಬೊಬ್ಬರಲ್ಲಿಯೂ ಬೇರೆ ಬೇರೆ ಜೀವವಿರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಯು ‘ಇದನ್ನು ಎಲ್ಲಿಂದ ತಂದನು’ ಎಂಬುದಲ್ಲ, ‘ತಂದುದರೊಳಗೆ ಸ್ವಂತ ಜೀವವಿದೆಯೆ’ ಎಂಬುದು. ಈ ಒರೆಗಲ್ಲಿನ ಮೇಲೆ ತಿಕ್ಕಿದಾಗ ‘ಎರಗಾನ್’ ಕಾದಂಬರಿಯ ಕಥಾಕ್ರಮವು ಬಹುಮಟ್ಟಿಗೆ ನೋಡಿ ಬರೆದ ಚಿತ್ರವೆಂದೇ ಹೇಳಬೇಕಾಗುತ್ತದೆ. ಆದರೆ ಅದರಲ್ಲಿ ಜೀವವಿರುವ ಭಾಗಗಳೂ ಇವೆ. ಅಲ್ಲಿ ಮಂತ್ರವು ಪುಕ್ಕಟೆಯಾಗಿ ಫಲ ಕೊಡುವುದಿಲ್ಲ. ಒಂದು ಕಲ್ಲನ್ನು ಮಂತ್ರದಿಂದ ಎತ್ತಬೇಕಾದರೆ ಕೈಯಿಂದ ಎತ್ತುವಷ್ಟೇ ಶಕ್ತಿಯನ್ನು ದೇಹವು ತೆರಬೇಕು. ಈ ನಿಯಮವು ಕಥೆಗೆ ಲೆಕ್ಕಾಚಾರದ ಬಿಗಿಯನ್ನು ತಂದಿದೆ.

ಇನ್ನೊಂದು ಪ್ರಸಂಗವು ಈ ಚರ್ಚೆಗೇ ಕನ್ನಡಿ ಹಿಡಿದಂತಿದೆ. ಮಂತ್ರದ ಭಾಷೆಯನ್ನು ಅರೆಬರೆ ಕಲಿತ ಎರಗಾನ್ ಒಂದು ಅನಾಥ ಶಿಶುವನ್ನು ಆ ಭಾಷೆಯಲ್ಲಿ ಹರಸುತ್ತಾನೆ. ‘ಕೇಡಿನಿಂದ ರಕ್ಷಿಸಲ್ಪಟ್ಟವಳಾಗು’ ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ವ್ಯಾಕರಣದ ಒಂದು ತಪ್ಪಿನಿಂದ ಅದು ‘ಕೇಡಿನಿಂದ ರಕ್ಷಿಸುವವಳಾಗು’ ಎಂದಾಯಿತು. ಕರ್ಮಣಿ ಪ್ರಯೋಗವು ಇರಬೇಕಾದ ಕಡೆ ಕರ್ತರಿ ಪ್ರಯೋಗವು ಬಂದಿತು! ಪರಿಣಾಮವಾಗಿ ಆ ಮಗು ಎಲ್ಲರ ನೋವನ್ನೂ ತಾನು ಉಣ್ಣುತ್ತ, ಎಲ್ಲರಿಗೂ ಗುರಾಣಿಯಾಗಬೇಕಾದ ದುರ್ದೈವಕ್ಕೆ ಸಿಕ್ಕಿತು. ಈ ಸತ್ಯವು 2005ರಲ್ಲಿ ಬಂದ ಎರಡನೆಯ ಸಂಪುಟ ‘ಎಲ್ಡೆಸ್ಟ್’ನಲ್ಲಿ ಬಯಲಾಗುತ್ತದೆ. ಹರಸಿದವನು ಎಳೆಯ, ಅವನ ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೆ ಆ ತಪ್ಪು ತಪ್ಪಲ್ಲವೆಂದು ಕಾದಂಬರಿಯು ಹೇಳುವುದಿಲ್ಲ. ತಪ್ಪನ್ನು ತೋರಿಸಿಕೊಟ್ಟವರ ಮೇಲೆ ಅದು ಹಗೆ ಸಾಧಿಸುವುದೂ ಇಲ್ಲ. ಎರಗಾನ್ ತನ್ನ ತಪ್ಪನ್ನು ಒಪ್ಪಿಕೊಂಡು, ಹೆಚ್ಚು ಕಲಿತು, ಅದನ್ನು ತಿದ್ದಲು ಹೆಣಗುತ್ತಾನೆ. ತನ್ನ ಕೃತಿಯನ್ನು ಹೇಗೆ ತೂಗಬೇಕೆಂಬುದಕ್ಕೆ ಬಾಲಲೇಖಕನು ತನಗರಿವಿಲ್ಲದೆಯೇ ಇಲ್ಲಿ ಉತ್ತರ ಹೇಳಿದಂತಾಗಿದೆ.

ಪಾವೊಲಿನಿಯೂ ಬರೆಯುವುದನ್ನು ನಿಲ್ಲಿಸಲಿಲ್ಲ. ಮೂರು ಸಂಪುಟಗಳೆಂದು ಯೋಜಿಸಿದ ಕಥೆಯು ನಾಲ್ಕಾಗಿ 2011ರಲ್ಲಿ ಮುಗಿಯಿತು. ‘ಎಲ್ಡೆಸ್ಟ್’ನಲ್ಲಿ ಬರುವ, ಊರಿನ ಜನರನ್ನೆಲ್ಲ ಕಟ್ಟಿಕೊಂಡು ಹೊರಡುವ ರೋರನ್ ಎಂಬ ಸಾಮಾನ್ಯ ತರುಣನ ಕಥೆಯು ಸ್ವಂತ ಜೀವವುಳ್ಳ ಭಾಗ. ಮಂತ್ರವಿಲ್ಲದೆ, ಡ್ರಾಗನ್ ಇಲ್ಲದೆ, ಬರಿಯ ಧೈರ್ಯದಿಂದ ಅವನು ನಡೆಯುತ್ತಾನೆ. 2020ರಲ್ಲಿ ಲೇಖಕನು ಆ ನಾಡನ್ನೇ ಬಿಟ್ಟು ನಕ್ಷತ್ರಲೋಕದ ಕಾದಂಬರಿಯೊಂದನ್ನು ಪ್ರಕಟಿಸಿದನು. 2023ರಲ್ಲಿ ‘ಮರ್ಟಾಗ್’ ಎಂಬ ಕೃತಿಯೊಡನೆ ಮತ್ತೆ ಹಳೆಯ ನಾಡಿಗೆ ಮರಳಿದನು. ಟೀಕೆಗಳ ಮಳೆಯಲ್ಲಿ ಅವನ ಲೇಖನಿಯ ಮಸಿ ಕರಗಿಹೋಗಲಿಲ್ಲ.

ನಮಗೆ ಉಪಲಬ್ಧವಿರುವ ಕನ್ನಡದ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವು ತನ್ನ ಮೊದಲ ಪರಿಚ್ಛೇದದಲ್ಲಿಯೇ ಕಾವ್ಯದ ದೋಷಗಳ ವಿಚಾರವನ್ನು ಎತ್ತಿಕೊಂಡಿರುವುದು ಗಮನಿಸತಕ್ಕ ಸಂಗತಿ. ದೋಷವನ್ನು ಅರಿಯುವುದು ಕಾವ್ಯದ್ವೇಷವಲ್ಲ, ಕಾವ್ಯಾಭ್ಯಾಸದ ಮೊದಲ ಮೆಟ್ಟಿಲು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಒಂದು ಪುಸ್ತಕವನ್ನು ಪ್ರೀತಿಸುತ್ತಲೇ ಅದರ ಕುಂದನ್ನು ಕಾಣಬಹುದು. ಕುಂದನ್ನು ಕಂಡ ಮೇಲೂ ಅದನ್ನು ಪ್ರೀತಿಸಬಹುದು. ಕಂಡ ಕುಂದನ್ನು ಹೇಳುವಾಗ ಪುಟದ ಕಡೆಗೆ ಬೆರಳು ತೋರಬೇಕೇ ಹೊರತು ಬರೆದವನ ಕಡೆಗಲ್ಲ. ಇಂತಹ ಓದುಗರಿದ್ದ ಕಡೆ ಎಳೆಯ ಲೇಖಕರು ಅಂಜದೆ ಬರೆಯುತ್ತಾರೆ, ಬರೆದುದನ್ನು ನಾಚದೆ ತಿದ್ದುತ್ತಾರೆ.