ಗರಡಿ ಕಾಣದ ಓಟ

1920ರ ಆಗಸ್ಟ್ 22ರಂದು ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ನಡೆಯಿತು. ದೂರ 42.75 ಕಿ.ಮೀ., ಅಂದರೆ ಇಂದಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಮುಗಿಸಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್‌ಗಿಂತ ಅವರು ಹಿಂದೆ ಬಿದ್ದದ್ದು ಬರೀ 18 ನಿಮಿಷ. ಮುಂದೆ 32 ವರ್ಷ ಕಳೆದು 1952ರ ಹೆಲ್ಸಿಂಕಿಯಲ್ಲಿ ಸೂರತ್ ಸಿಂಗ್ ಮಾಥುರ್ ಅದಕ್ಕಿಂತ ಕಡಿಮೆ ದೂರವನ್ನು 2 ಗಂಟೆ 58 ನಿಮಿಷಕ್ಕೆ ಮುಗಿಸಿ 52ನೆಯವರಾದರು. ಒಂದು ತಲೆಮಾರು ಸರಿದರೂ ನಮ್ಮ ಓಟ ಮುಂದೆ ಹೋಗಲಿಲ್ಲ. ಯಾಕೆ?

ಹಳ್ಳಿಯ ಗಟ್ಟಿ ಮೈಯೇ ಚೌಗುಲೆಯನ್ನು ಓಡಿಸಿತು ಎನ್ನುವುದು ರೂಢಿಯ ಮಾತು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಪಂದ್ಯಗಳಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡಿದ್ದನ್ನು ಕಂಡೇ ದೊರಾಬ್ಜಿ ಟಾಟಾ ಭಾರತದ ತಂಡ ಕಳಿಸಲು ಮುಂದಾದರು, ಕೈಯಿಂದ ಹಣವನ್ನೂ ಹಾಕಿದರು. ಆ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ. ಮೈ ಒಂದೇ ಸಾಕಾಗಿದ್ದರೆ ಎರೆ ಹೊಲದಲ್ಲಿ ದುಡಿಯುವ ನವಲಗುಂದ, ಅಣ್ಣಿಗೇರಿ ಸೀಮೆ ವರ್ಷಕ್ಕೊಬ್ಬ ಚೌಗುಲೆಯನ್ನು ಕೊಡಬೇಕಿತ್ತು. ಕುಸ್ತಿಯ ಕಥೆ ಬೇರೆ. ಅದೇ ತಂಡದಲ್ಲಿದ್ದ ಕೊಲ್ಲಾಪುರದ ಪೈಲ್ವಾನ ಶಿಂಧೆ ಪದಕದ ಹತ್ತಿರಕ್ಕೆ ಹೋಗಿ ಬಂದರು. ಅವರು ಬಿಟ್ಟ ದಾರಿ ಮುಚ್ಚಲಿಲ್ಲ: ಅದೇ ಹೆಲ್ಸಿಂಕಿಯಲ್ಲಿ ಆ ಸೀಮೆಯ ಕೆ.ಡಿ. ಜಾಧವ್ ಕಂಚು ಗೆದ್ದರು. ಓಟಗಾರನಿಗೆ ಇಲ್ಲದ್ದೊಂದು ಕುಸ್ತಿಪಟುವಿಗಿತ್ತು, ಅದು ಗರಡಿ ಮನೆ. ನಸುಕಿನಲ್ಲಿ ಕೆಮ್ಮಣ್ಣು ಹದ ಮಾಡಿಸಿ, ಪಟ್ಟು ತಿದ್ದಿ, ಸಾಮು ಹೊಡೆಸುವ ವಸ್ತಾದಿ. ಹಾಲು-ತುಪ್ಪಕ್ಕೆ ಪಟ್ಟಿ ಎತ್ತುವ ಊರು. ಬೆಳ್ಳಿ ಕಡಗ ತೊಡಿಸುವ ಜಾತ್ರೆ. ಒಬ್ಬ ಪೈಲ್ವಾನ ಮುದುಕನಾದರೆ ಅವನ ವಿದ್ಯೆ ಅದೇ ಅಖಾಡದಲ್ಲಿ ಹುಡುಗರ ಕೈಗೆ ಹೋಗುತ್ತಿತ್ತು. ಚೌಗುಲೆ ಕಲಿತದ್ದು ಯಾರ ಕೈಗೂ ಹೋಗಲಿಲ್ಲ.

ಕುಸ್ತಿಗೆ ಅರಸರ ಆಶ್ರಯವಿತ್ತು, ಅದಕ್ಕೇ ಉಳಿಯಿತು ಎನ್ನಬಹುದು. ಕೊಲ್ಲಾಪುರಕ್ಕೆ, ಜಮಖಂಡಿ ಸಂಸ್ಥಾನದಲ್ಲಿದ್ದ ಕುಂದಗೋಳಕ್ಕೂ ಬೇಕಾದರೆ ಆ ಮಾತು ಹೊಂದೀತು. ನವಲಗುಂದ, ಕಲಘಟಗಿ ಬ್ರಿಟಿಷರ ಧಾರವಾಡ ಜಿಲ್ಲೆಯವು. ಅಲ್ಲಿ ಗರಡಿ ನಡೆಸಿದ್ದು ರಾಜರಲ್ಲ, ಊರಿನವರು. ಚೌಗುಲೆ ಒಬ್ಬಂಟಿ ಪ್ರತಿಭೆ, ಅಂಥವರು ಮತ್ತೆ ಹುಟ್ಟದಿದ್ದರೆ ಯಾರ ತಪ್ಪು ಎಂಬ ವಾದವೂ ನಿಲ್ಲದು. ಆ ತಂಡದ ನಾಲ್ವರು ಓಟಗಾರರಲ್ಲಿ ಇನ್ನೊಬ್ಬರಾದ ಕೈಕಾಡಿ ಹುಬ್ಬಳ್ಳಿಯವರು. ಇಡೀ ದೇಶದ ಆಯ್ಕೆಯಲ್ಲಿ ಅರ್ಧ ಪಾಲು ಬೆಳಗಾವಿ-ಹುಬ್ಬಳ್ಳಿಗೆ ಸಿಕ್ಕಿತೆಂದರೆ ಈ ನೆಲದಲ್ಲಿ ಓಟದ ಕಸುವು ಇತ್ತೆಂದೇ ಅರ್ಥ.

ಆ ಕಸುವು ಇವತ್ತಿಗೂ ಇದೆ. ಪೊಲೀಸ್ ಭರ್ತಿಯ ಕನಸು ಹೊತ್ತ ಹುಡುಗರು ಬೆಳಕು ಹರಿಯುವ ಮುಂಚೆ ಡಾಂಬರು ರಸ್ತೆಗೆ ಇಳಿಯುತ್ತಾರೆ. ಅವರ ತಾಲೀಮೆಲ್ಲ 1,600 ಮೀಟರಿಗೆ. ಭರ್ತಿ ಕೇಳುವುದು ಅಷ್ಟನ್ನೇ. ಅವರಲ್ಲಿ ಹತ್ತು, ಇಪ್ಪತ್ತು ಕಿಲೋಮೀಟರಿನ ದಮ್ಮು ಯಾರಿಗಿದೆ ಎಂದು ಹುಡುಕಿ ತಿದ್ದುವ ವಸ್ತಾದಿ ಪ್ರತಿ ತಾಲ್ಲೂಕಿಗೂ ಬೇಕು, ಕಾಲು ಉಳಿಸುವ ಒಂದು ಮಣ್ಣಿನ ಟ್ರ್ಯಾಕೂ ಬೇಕು. ಊರ ಪಟ್ಟಿಯಲ್ಲಿ ಗರಡಿ ಕಟ್ಟಿದವರಿಗೆ ಇದು ಭಾರವಾದ ಖರ್ಚಲ್ಲ.